ಸೋಮಾ ಮುಗಿದ ಮೇಲೆ ಏನು ನೋಡೋಣ?

'ಶೊಕುಗೆಕಿ ನೊ ಸೋಮಾ' ಎಂಬ ಜಪಾನಿ ಅನಿಮೆಯನ್ನು ನಮ್ಮಲ್ಲಿ ಹೆಚ್ಚಿನವರು 'ಫುಡ್ ವಾರ್ಸ್' ಎಂದೇ ಬಲ್ಲರು. 2015ರ ಏಪ್ರಿಲ್‌ನಲ್ಲಿ ಶುರುವಾಗಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಸರಣಿ ಅದು. ಐದು ಸೀಸನ್, ಒಟ್ಟು 86 ಕಂತು. ರಾತ್ರಿ ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ನಿಲ್ಲಿಸಿಕೊಂಡು, ಇಂಗ್ಲಿಷ್ ಸಬ್‌ಟೈಟಲ್ ಓದುತ್ತ, ದಿನಕ್ಕೆ ಎರಡೆರಡು ಕಂತು ನೋಡಿ ಮುಗಿಸಿದವರು ಕಡೆಗೆ ಕೇಳುವುದು ಒಂದೇ ಮಾತು: ಇದೇ ಥರದ್ದು ಇನ್ನೇನಿದೆ?

ಉತ್ತರ ಹೇಳುವ ಮೊದಲು 'ಇದೇ ಥರ' ಎಂದರೆ ಯಾವ ಥರ ಎಂದು ನೋಡಬೇಕು. ಕಥೆಯಲ್ಲಿ ಅಡುಗೆ ಬಂದ ಮಾತ್ರಕ್ಕೆ ಅದು ಸೋಮಾದ ಸಾಲಿಗೆ ಸೇರುವುದಿಲ್ಲ. ಸ್ಪರ್ಧೆ, ತೀರ್ಪುಗಾರರು, ಚಪ್ಪಾಳೆ ಇದ್ದ ಮಾತ್ರಕ್ಕೂ ಸೇರುವುದಿಲ್ಲ. ಆ ಸರಣಿ ನಮ್ಮನ್ನು ಅಷ್ಟು ನಗಿಸಿದ್ದಕ್ಕೆ ಕಾರಣ, ಅದರ ಒಲೆಯ ಮೇಲೆ ನಡೆಯುತ್ತಿದ್ದ ಕೆಲಸ ನಿಜವಾಗಿತ್ತು. ತಿಂದವರ ಮುಖಭಾವ ಎಷ್ಟೇ ಅತಿಯಾಗಿರಲಿ, ತಟ್ಟೆಯಲ್ಲಿದ್ದದ್ದು ನಿಮ್ಮ ನಮ್ಮ ಮನೆಯ ಗ್ಯಾಸ್ ಒಲೆಯ ಮೇಲೂ ಆಗುವಂಥದ್ದು. ಮುಂದೆ ಏನು ನೋಡಬೇಕೆಂದು ನಾನು ಹೇಳುವುದೆಲ್ಲ ಈ ಒಂದು ಅಳತೆಯಿಂದ.

ಮೊದಲ ಕಂತನ್ನೇ ನೆನಪಿಸಿಕೊಳ್ಳಿ. ಹೈಸ್ಕೂಲಿಗೆ ಕಾಲಿಡಬೇಕಾದ ಹುಡುಗ ಯುಕಿಹಿರಾ ಸೋಮಾ, ಅಪ್ಪ ಜೋಇಚಿರೊ ನಡೆಸುವ ಬೀದಿಬದಿಯ ಸಣ್ಣ ಊಟದ ಹೋಟೆಲಿನಲ್ಲಿ ಬೆಳೆದವನು. ಆ ಜಾಗದ ಮೇಲೆ ಕಣ್ಣಿಟ್ಟ ಹೆಂಗಸೊಬ್ಬಳ ಕಡೆಯವರು ರಾತ್ರಿ ನುಗ್ಗಿ ಮಾಂಸವನ್ನೆಲ್ಲ ಹಾಳು ಮಾಡುತ್ತಾರೆ. ಮರುದಿನ ಬಂದ ಅವಳು, ರಸ ಸುರಿಯುವ ಮಾಂಸದ ಅಡುಗೆ ಬೇಕು, ಇಲ್ಲವಾದರೆ ಅಂಗಡಿ ಬಿಟ್ಟುಕೊಡು ಎನ್ನುತ್ತಾಳೆ. ಉಳಿದಿರುವುದು ಆಲೂಗಡ್ಡೆ ಮತ್ತು ಒಂದಿಷ್ಟು ದಪ್ಪ ಬೇಕನ್. ಹುಡುಗ ಆಲೂಗಡ್ಡೆ ಬೇಯಿಸಿ ಹಿಸುಕುತ್ತಾನೆ. ಹೆಚ್ಚಿದ ಈರುಳ್ಳಿ, ಅಣಬೆ ಬೆರೆಸಿ ಉದ್ದ ಉಂಡೆ ಕಟ್ಟುತ್ತಾನೆ. ಮೇಲೆ ಬೇಕನ್ ಹೊದಿಸಿ ದಾರದಲ್ಲಿ ಬಿಗಿದು ಓವನ್ನಿಗೆ ಇಡುತ್ತಾನೆ. ಬೇಕನ್ನಿನ ಕೊಬ್ಬು ಕರಗಿ ಕೆಳಗಿಳಿದರೆ ಹೋಗುವುದೆಲ್ಲಿಗೆ? ಆಲೂಗಡ್ಡೆಯೊಳಕ್ಕೆ. ಪಿಷ್ಟ ಅದನ್ನು ಹೀರಿಕೊಂಡು ಹಿಡಿದಿಡುತ್ತದೆ. ಕತ್ತರಿಸಿದಾಗ ಹಂದಿಮಾಂಸದ ರೋಸ್ಟಿನ ಹಾಗೇ ರಸ ಇಳಿಯುತ್ತದೆ. ಆ ಹೆಂಗಸಿನ ಮುಖದಲ್ಲಿ ಆಗುವ ಬದಲಾವಣೆಗೆ ನಾವು ನಗುತ್ತೇವೆ. ಆದರೆ ಅದಕ್ಕೂ ಮೊದಲೇ ನಮ್ಮ ತಲೆ 'ಹೌದಲ್ಲ, ಹೀಗೂ ಮಾಡಬಹುದು' ಎಂದು ಒಪ್ಪಿಕೊಂಡಾಗಿರುತ್ತದೆ.

ಎರಡನೆಯ ಕಂತು ಇನ್ನೂ ಚೆನ್ನ. ತೋತ್ಸುಕಿ ಎಂಬ ದೊಡ್ಡ ಅಡುಗೆ ಶಾಲೆಯ ಪ್ರವೇಶ ಪರೀಕ್ಷೆ. ಪರೀಕ್ಷಕಿ ನಕಿರಿ ಎರಿನಾಳದು ದೇವರು ಕೊಟ್ಟ ನಾಲಿಗೆ ಎಂಬ ಹೆಸರು. ಪರೀಕ್ಷೆಗೆ ಬಂದ ಉಳಿದವರೆಲ್ಲ ಅವಳ ಹೆಸರು ಕೇಳಿಯೇ ಓಡಿಹೋಗುತ್ತಾರೆ. ವಿಷಯ: ಮೊಟ್ಟೆ. ಸೋಮಾ ಬಡಿಸುವುದು ಬಿಸಿ ಅನ್ನ, ಅದರ ಮೇಲೆ ಉದುರಿಸಿಕೊಳ್ಳಲು ಮೊಟ್ಟೆಯ ಚೂರು. ಅವಳು ಮುಖ ತಿರುಗಿಸುತ್ತಾಳೆ. ಆದರೆ ಮೊಟ್ಟೆಯ ಚೂರುಗಳ ನಡುವೆ ಕಂದುಬಣ್ಣದ ಸಣ್ಣ ಸಣ್ಣ ತುಂಡುಗಳಿವೆ. ಕೋಳಿಯ ರೆಕ್ಕೆ ಬೇಯಿಸಿದ ಸಾರನ್ನು ತಣ್ಣಗೆ ಮಾಡಿ ಗಟ್ಟಿಗಟ್ಟಿಸಿ ಕತ್ತರಿಸಿದ ತುಂಡುಗಳವು. ಚರ್ಮ, ಕೀಲುಗಳಲ್ಲಿರುವ ಕೊಲಾಜೆನ್ ಕುದಿಯುತ್ತ ಜೆಲಟಿನ್ ಆಗಿ ನೀರಿಗಿಳಿಯುತ್ತದೆ, ಆರಿದಾಗ ಸಾರನ್ನೆಲ್ಲ ಹಿಡಿದು ನಿಲ್ಲಿಸುತ್ತದೆ, ನಮ್ಮ ಮೈಬಿಸಿಯಷ್ಟು ಶಾಖ ತಾಗಿದರೂ ಸಾಕು, ಮತ್ತೆ ನೀರಾಗುತ್ತದೆ. ಕಾಲು ಸೂಪು ಮಾಡಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟವರಿಗೆ ಇದು ಹೊಸತಲ್ಲ. ಬಿಸಿ ಅನ್ನದ ಮೇಲೆ ಬಿದ್ದ ಆ ತುಂಡುಗಳು ಎರಿನಾಳ ಕಣ್ಣೆದುರೇ ಕರಗಿ, ಒಂದೊಂದು ಅಗುಳಿಗೂ ಮೊಟ್ಟೆಗೂ ಮಿರುಗು ಹಚ್ಚುತ್ತ ಇಳಿಯುವುದನ್ನು ಚಿತ್ರಕಾರರು ಎಷ್ಟು ಅಕ್ಕರೆಯಿಂದ ಬಿಡಿಸಿದ್ದಾರೆಂದರೆ, ಊಟ ಮಾಡಿ ಎದ್ದವರಿಗೂ ಹಸಿವಾಗುತ್ತದೆ.

ಇದು ತಾನಾಗಿ ಬಂದ ಗುಣವಲ್ಲ. ಮೂಲ ಮಾಂಗಾ 2012ರಿಂದ 2019ರವರೆಗೆ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ ಬಂದು 36 ಸಂಪುಟಗಳಾಯಿತು. ಕಥೆ ಯೂತೊ ತ್ಸುಕುದಾ ಅವರದು, ಚಿತ್ರ ಶುನ್ ಸಾಯೆಕಿ ಅವರದು. ಇವರ ಜತೆಗೆ ಮೂರನೆಯ ಹೆಸರೊಂದು ಇತ್ತು: ಯೂಕಿ ಮೊರಿಸಾಕಿ. ಆಕೆ ವೃತ್ತಿಯಿಂದ ಬಾಣಸಿಗಿ. ಕಥೆಯೊಳಗಿನ ಅಡುಗೆಗಳ ಹೊಣೆ ಆಕೆಯದು. ಪುಸ್ತಕದಲ್ಲಿ ಅಡುಗೆ ಮಾಡುವ ಕ್ರಮವನ್ನೂ ಅಚ್ಚು ಹಾಕುತ್ತಿದ್ದರು. ಓದುಗ ಮನೆಯಲ್ಲಿ ಮಾಡಿ ನೋಡುತ್ತಾನೆ ಎಂದು ಗೊತ್ತಿದ್ದು ಬರೆಯುವ ಲೇಖಕ ಬುರುಡೆ ಬಿಡಲಾರ.

ಸರಣಿಯ ತುಂಬ ಜಾಣ ಸಂಗತಿಗಳು ಬರುವುದು ಇತಿಹಾಸದ ಕಡೆಯಿಂದ. ದುಬಾರಿ ಗೋಮಾಂಸದ ಹೆಮ್ಮೆಯ ಹುಡುಗಿಯ ವಿರುದ್ಧ ಸೋಮಾ ಸೂಪರ್ ಮಾರ್ಕೆಟ್ಟಿನ ಅಗ್ಗದ ಮಾಂಸ ಹಿಡಿದು ನಿಲ್ಲುವ ಕಂತಿದೆ. ಅವನ ಅಸ್ತ್ರ ಶಾಲಿಯಾಪಿನ್ ಸ್ಟೇಕ್. 1936ರಲ್ಲಿ ರಷ್ಯದ ಗಾಯಕ ಫ್ಯೋದರ್ ಶಾಲಿಯಾಪಿನ್ ಜಪಾನಿಗೆ ಬಂದಾಗ ಹಲ್ಲುನೋವು. ಮೆತ್ತಗಿನ ಮಾಂಸ ಬೇಕೆಂದರು. ಟೋಕಿಯೊದ ಇಂಪೀರಿಯಲ್ ಹೋಟೆಲಿನ ಅಡುಗೆಯವರು ಮಾಂಸವನ್ನು ಹೆಚ್ಚಿದ ಈರುಳ್ಳಿಯಲ್ಲಿ ನೆನೆಸಿಟ್ಟು, ಮೆತ್ತಗಾದ ಮೇಲೆ ಬೇಯಿಸಿಕೊಟ್ಟರು. ಆ ಹೋಟೆಲಿನಲ್ಲಿ ನಿಜವಾಗಿಯೂ ಹುಟ್ಟಿದ ಅಡುಗೆ ಇದು. ಕಥೆಗಾಗಿ ಕಟ್ಟಿದ್ದಲ್ಲ.

ಕರಿಯ ವಿಷಯ ಬಂದಾಗ ನಮ್ಮ ಕಿವಿ ನೆಟ್ಟಗಾಗುತ್ತದೆ. ಶಾಲೆಯ 'ಶರತ್ಕಾಲದ ಆಯ್ಕೆ' ಎಂಬ ಸ್ಪರ್ಧೆಯ ಮೊದಲ ಸುತ್ತಿನ ವಿಷಯವೇ ಕರಿ. ಮಸಾಲೆಯ ವಾಸನೆ ಹಿಡಿಯುವುದರಲ್ಲಿ ಸಾಟಿಯಿಲ್ಲದ ಹಯಾಮಾ ಅಕಿರಾ ತಾಜಾ ತುಳಸಿ ಎಲೆ ಬಳಸುತ್ತಾನೆ. ತುಳಸಿಯನ್ನು ಕಟ್ಟೆಯಲ್ಲಿಟ್ಟು ಪೂಜಿಸುವ, ಕೆಮ್ಮು ಬಂದರೆ ಕಷಾಯಕ್ಕೆ ಹಾಕುವ ನಮಗೆ ಅದು ಮೀನಿನ ಕರಿಗೆ ಬೀಳುವುದು ವಿಚಿತ್ರ ಎನ್ನಿಸಬಹುದು. ಥಾಯ್ ಅಡುಗೆಯವರಿಗೆ ಅದು ನಿತ್ಯದ ಸೊಪ್ಪು. ಸೋಮಾನ ಆಮ್ಲೆಟ್ ಹೊದ್ದ ಕರಿ ಅನ್ನದಲ್ಲಿ ಮಾವಿನ ಚಟ್ನಿ ಅಡಗಿರುತ್ತದೆ. ಒಂದೇ ಒಂದು ಅಂಕದಿಂದ ಅವನು ಹಿಂದೆ ಬೀಳುತ್ತಾನೆ. ಜಪಾನಿನ ಮನೆಮನೆಯ ಕರಿ ಬ್ರಿಟಿಷರ ಮೂಲಕ ಅಲ್ಲಿಗೆ ಹೋದದ್ದು, ಗೋಧಿಹಿಟ್ಟು ಹುರಿದು ಹಾಕಿದ ಮಂದನೆಯ ಗೊಜ್ಜು. ಭಾರತೀಯನ ಕೈಯಿಂದಲೇ ಹೋದ ಕರಿಯ ಕಥೆಯೂ ಒಂದಿದೆ. ಕ್ರಾಂತಿಕಾರಿ ರಾಸಬಿಹಾರಿ ಬೋಸ್ 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದಾಗ, ಟೋಕಿಯೊದ ಶಿಂಜುಕುವಿನಲ್ಲಿ ನಕಮುರಾಯಾ ಎಂಬ ಬೇಕರಿ ನಡೆಸುತ್ತಿದ್ದ ಸೋಮಾ ಐಜೊ ದಂಪತಿ ಅವರನ್ನು ಬಚ್ಚಿಟ್ಟು ಕಾಪಾಡಿದರು. ಬೋಸ್ ಆ ಮನೆಯ ಅಳಿಯನಾದರು. 1927ರಲ್ಲಿ ನಕಮುರಾಯಾ ಊಟದ ಕೋಣೆ ತೆರೆದಾಗ ಬೋಸ್ ಹೇಳಿಕೊಟ್ಟ ಭಾರತೀಯ ಕರಿ ಅಲ್ಲಿ ಬಡಿಸತೊಡಗಿದರು. ಇಂದಿಗೂ ಅದು ಅಲ್ಲಿ ಸಿಗುತ್ತದೆ. ಅನಿಮೆಯ ಸೋಮಾನಿಗೂ ಆ ಮನೆತನಕ್ಕೂ ಸಂಬಂಧವಿಲ್ಲ. ಆದರೆ ಆ ಕರಿಯ ಸುತ್ತು ನೋಡುವಾಗ ಈ ಕಥೆ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಎರಡು ಎಚ್ಚರಿಕೆಯನ್ನೂ ಹೇಳಬೇಕು. ರುಚಿಯ ಸುಖವನ್ನು ತೋರಿಸಲು ಈ ಸರಣಿ ಪಾತ್ರಗಳ ಬಟ್ಟೆಯನ್ನೇ ಹಾರಿಸಿಬಿಡುತ್ತದೆ. ಮೊದಲ ಸೀಸನ್ನಿನಲ್ಲಂತೂ ಇದು ಅತಿ. ಹೈಸ್ಕೂಲು ವಯಸ್ಸಿನ ಪಾತ್ರಗಳನ್ನು ಹೀಗೆ ತೋರಿಸುವುದು ನನಗೆ ಸರಿಕಾಣುವುದಿಲ್ಲ, ಮಕ್ಕಳ ಜತೆ ಕೂತು ನೋಡುವಂಥದ್ದೂ ಅಲ್ಲ. ಇನ್ನೊಂದು, ಕೊನೆಯ ಸೀಸನ್. ಅಲ್ಲಿ ಭೂಗತ ಲೋಕದ ಅಡುಗೆಯವರು ಬರುತ್ತಾರೆ, ಒಬ್ಬಳು ಮರ ಕೊಯ್ಯುವ ಯಂತ್ರ ಹಿಡಿದು ಕೇಕ್ ಮಾಡುತ್ತಾಳೆ. ಅಲ್ಲಿಗೆ ಒಲೆಯ ಮೇಲಿನ ಸತ್ಯ ಕೈಬಿಟ್ಟಿತು, ನಗುವೂ ಅದರ ಹಿಂದೆಯೇ ಹೋಯಿತು. ಮೊದಲ ಮೂರು ಸೀಸನ್ ಇಷ್ಟಪಟ್ಟು ಐದನೆಯದರಲ್ಲಿ ಬೇಸರಪಟ್ಟವರು ತುಂಬ ಜನ. ಅವರ ಬೇಸರಕ್ಕೆ ಕಾರಣ ಇದೇ.

ಹಾಗಾದರೆ ಸೋಮಾ ಮುಗಿದ ಮೇಲೆ ಮೊದಲು ನೋಡಬೇಕಾದ್ದು? ಅನುಮಾನವೇ ಬೇಡ: 'ಡಂಜನ್ ಮೆಶಿ'. ಇಂಗ್ಲಿಷ್‌ನಲ್ಲಿ 'ಡಿಲಿಷಿಯಸ್ ಇನ್ ಡಂಜನ್'. 2024ರ ಜನವರಿಯಿಂದ ಜೂನ್‌ವರೆಗೆ 24 ಕಂತು ಬಂದವು, ನೆಟ್‌ಫ್ಲಿಕ್ಸ್‌ನಲ್ಲಿವೆ. ಮಾಡಿದವರು ಟ್ರಿಗರ್ ಸ್ಟುಡಿಯೊದವರು. ಮೂಲ ರ್ಯೋಕೊ ಕುಯಿ ಎಂಬ ಲೇಖಕಿಯ ಮಾಂಗಾ.

ಇಲ್ಲಿರುವುದು ಸ್ಪರ್ಧೆಯಲ್ಲ, ಹಸಿವು. ನೆಲದಡಿಯಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಇಳಿದುಹೋಗುವ ಗುಹಾನಗರ. ಅದರ ಆಳದಲ್ಲಿ ಕೆಂಪು ಡ್ರ್ಯಾಗನ್ ಜತೆ ಕಾದಾಡುವಾಗ ಲಾಯೋಸನ ತಂಡ ಸೋಲುತ್ತದೆ, ಹೊಟ್ಟೆಗಿಲ್ಲದೆ ಸೊರಗಿದ್ದು ಅದಕ್ಕೊಂದು ಕಾರಣ. ಅವನ ತಂಗಿ ಫಾಲಿನ್ ಡ್ರ್ಯಾಗನ್ ಬಾಯಿಗೆ ಬೀಳುತ್ತ, ಕಡೆಯ ಮಂತ್ರದಿಂದ ಉಳಿದವರನ್ನು ಹೊರಕ್ಕೆ ಕಳಿಸಿಬಿಡುತ್ತಾಳೆ. ಡ್ರ್ಯಾಗನ್ ಅವಳನ್ನು ಅರಗಿಸಿಕೊಳ್ಳುವ ಮೊದಲು ಮರಳಿ ಹೋಗಬೇಕು. ಕೈಯಲ್ಲಿ ಕಾಸಿಲ್ಲ, ಬುತ್ತಿಯಿಲ್ಲ. ಲಾಯೋಸನ ತೀರ್ಮಾನ: ದಾರಿಯಲ್ಲಿ ಸಿಗುವ ರಾಕ್ಷಸ ಜೀವಿಗಳನ್ನೇ ಬೇಯಿಸಿ ತಿನ್ನೋಣ. ಮಂತ್ರಗಾತಿ ಮಾರ್ಸಿಲ್‌ಗೆ ಕೇಳಿದೊಡನೆ ವಾಕರಿಕೆ.

ಅವರ ಮೊದಲ ಊಟವನ್ನು ನಿಧಾನವಾಗಿ ನೋಡಿ. ಒಂದು ದೊಡ್ಡ ಚೇಳು, ಕಾಲಿರುವ ನಡೆದಾಡುವ ಅಣಬೆ. ಲಾಯೋಸನಿಗೆ ಇವುಗಳ ಬಗ್ಗೆ ಪುಸ್ತಕದ ಜ್ಞಾನ ಬೇಕಾದಷ್ಟಿದೆ, ಅಡುಗೆ ಗೊತ್ತಿಲ್ಲ. ಚೇಳನ್ನು ಇಡಿಯಾಗಿ ಪಾತ್ರೆಗೆ ಹಾಕಲು ಹೊರಡುತ್ತಾನೆ. ಆಗ ಗಡ್ಡದ ಕುಳ್ಳ ಸೆನ್ಶಿ ಬಂದು ತಡೆಯುತ್ತಾನೆ. ಬಾಲ ತೆಗೆ, ಹೊಟ್ಟೆ ಕೆಡುತ್ತದೆ. ತಲೆ, ಕಾಲು ಬೇರೆ ಮಾಡು. ಮೈಯಲ್ಲಿ ಸೀಳು ಹಾಕು, ಬೇಗ ಬೇಯುತ್ತದೆ, ರಸವೂ ಸಾರಿಗಿಳಿಯುತ್ತದೆ. ಅಲ್ಲೇ ಸುತ್ತಮುತ್ತ ಸಿಕ್ಕಿದ ಬೇರು, ಪಾಚಿ ಸೇರಿಸಿ ಕುದಿಸುತ್ತಾನೆ. ಚೇಳಿನ ಚಿಪ್ಪು ಕೆಂಪಗಾಗುತ್ತದೆ. ಏಡಿಯನ್ನು ಕುದಿಯುವ ನೀರಿಗೆ ಹಾಕಿ ನೋಡಿದ ಕರಾವಳಿಯವರಿಗೆ ಆ ಕೆಂಪು ತಟ್ಟನೆ ಗುರುತು ಸಿಗುತ್ತದೆ. ಇಲ್ಲದ ಪ್ರಾಣಿಯ ಅಡುಗೆಯನ್ನು ಇರುವ ಅಡುಗೆಯ ನಿಯಮದಲ್ಲಿ ಮಾಡಿ ತೋರಿಸುವುದು ಕುಯಿಯವರ ಪ್ರತಿಭೆ. ಒಂದೊಂದು ಜೀವಿಗೂ ಅವರು ಅಂಗರಚನೆ, ಆಹಾರ, ವಾಸ ಎಲ್ಲ ಕೊಟ್ಟಿದ್ದಾರೆ. ತಾನೇ ನಡೆದಾಡುವ ಖಾಲಿ ಕವಚವನ್ನು ಎಷ್ಟೋ ಆಟಗಳಲ್ಲಿ, ಕಥೆಗಳಲ್ಲಿ ನೋಡಿದ್ದೇವೆ. ಇಲ್ಲಿ ಅದರೊಳಗೆ ಮಂತ್ರವಿಲ್ಲ. ಚಿಪ್ಪುಜೀವಿಗಳ ಒಂದು ವಸಾಹತೇ ಲೋಹದ ಹಾಳೆಗಳ ನಡುವೆ ಅಂಟಿಕೊಂಡು ಒಟ್ಟಾಗಿ ಅದನ್ನು ನಡೆಸುತ್ತಿರುತ್ತದೆ. ಅದು ಚಿಪ್ಪುಜೀವಿ ಎಂದು ತಿಳಿದ ಗಳಿಗೆಯಲ್ಲಿ ಲಾಯೋಸನ ಕಣ್ಣು ಅರಳುತ್ತದೆ, ನಮಗೂ ಮುಂದಿನ ದೃಶ್ಯ ಒಲೆಯದೇ ಎಂದು ಖಾತ್ರಿಯಾಗುತ್ತದೆ.

ಸೆನ್ಶಿಯ ಹೊಲವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಗೋಲೆಮ್ ಎಂದರೆ ಮಣ್ಣಿನಿಂದ ಮಾಡಿದ ಕಾವಲುಗಾರ. ಆ ಮಣ್ಣಿನ ಬೆನ್ನ ಮೇಲೆ ಸೆನ್ಶಿ ತರಕಾರಿ ಬೆಳೆಯುತ್ತಾನೆ. ಕೊಯ್ಲಿನ ಹೊತ್ತಿಗೆ ಅದರ ಜೀವದ ಗುಂಡನ್ನು ಕಿತ್ತು ಮಲಗಿಸುತ್ತಾನೆ, ಕೊಯ್ದು ಮುಗಿಸಿ ಮತ್ತೆ ಬಿತ್ತಿ, ಗುಂಡನ್ನು ಮರಳಿ ಇಟ್ಟು ಎಬ್ಬಿಸಿ ಕಳಿಸುತ್ತಾನೆ. ಕಳ್ಳಕಾಕರ ಭಯವಿಲ್ಲ, ಹೊಲವೇ ತನ್ನ ಕಾವಲು ಕಾಯುತ್ತದೆ. ಇದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಮೇಲೆ ಸೆನ್ಶಿ ಹೇಳುವ ಮಾತಿಗೆ ಗಂಭೀರರಾಗುತ್ತೇವೆ: ಈ ಗುಹೆಯಲ್ಲಿ ಏನನ್ನೂ ಮಿತಿಮೀರಿ ತೆಗೆಯಬಾರದು, ತೆಗೆದರೆ ಎಲ್ಲದರ ತೂಕ ತಪ್ಪುತ್ತದೆ. ತಿನ್ನುವವನು ನಾಳೆ ತಾನೂ ಒಂದು ಜೀವಿಗೆ ಊಟವಾಗಬಹುದು ಎಂಬ ಅರಿವು ಈ ಕಥೆಯ ಒಳಗೆ ಹರಿಯುತ್ತಲೇ ಇರುತ್ತದೆ. ಡ್ರ್ಯಾಗನ್ ಸಿಕ್ಕಿದ ಮೇಲೆ ಕಥೆ ಕತ್ತಲೆಗಿಳಿಯುತ್ತದೆ. ಆದರೂ ಸಂಜೆಯ ಅಡುಗೆ ನಿಲ್ಲುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇಷ್ಟು ತುಂಬಿದ ಅನಿಮೆಯನ್ನು ನಾನು ನೋಡಿಲ್ಲ.

ಅಲ್ಲಿಂದ 'ಗಿನ್ ನೊ ಸಾಜಿ', ಅಂದರೆ 'ಸಿಲ್ವರ್ ಸ್ಪೂನ್', ಒಂದು ಹೆಜ್ಜೆಯ ದೂರ. 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಬರೆದ ಹಿರೊಮು ಅರಕಾವಾ ಅವರದ್ದೇ ಇದೂ. ಅವರು ಹೊಕ್ಕೈದೊ ದ್ವೀಪದ ಹೈನುಗಾರರ ಮನೆಯ ಮಗಳು. ಅಲ್ಲಿಯ ಒಂದು ಕೃಷಿ ಹೈಸ್ಕೂಲಿನ ಕಥೆ ಇದು. 2013 ಮತ್ತು 2014ರಲ್ಲಿ ಹನ್ನೊಂದು ಹನ್ನೊಂದು ಕಂತುಗಳ ಎರಡು ಸೀಸನ್. ನಾಯಕ ಹಚಿಕೆನ್ ಸಪ್ಪೊರೊ ಪಟ್ಟಣದವನು. ರ್‍ಯಾಂಕಿನ ಓಟದಲ್ಲಿ ಸೋತು, ಅಪ್ಪನ ಕಣ್ಣಿಗೆ ಬೀಳದಷ್ಟು ದೂರ ಹೋದರೆ ಸಾಕೆಂದು ಈ ಶಾಲೆಗೆ ಸೇರಿದವನು. ನಮ್ಮ ಕೋಚಿಂಗ್ ಸೆಂಟರುಗಳ ಬೆಂಚಿನ ಮೇಲೆ ಕೂತ ಹುಡುಗರಿಗೆ ಹಚಿಕೆನ್ ಅಪರಿಚಿತನಲ್ಲ. ಮೊಟ್ಟೆ ಕೋಳಿಯ ಯಾವ ದ್ವಾರದಿಂದ ಬರುತ್ತದೆ ಎಂದು ಮೊದಲ ಸಲ ಕಂಡಾಗ ಅವನಿಗಾಗುವ ಆಘಾತ, ಆಮೇಲೆ ಅದೇ ಮೊಟ್ಟೆಯನ್ನು ಬಿಸಿ ಅನ್ನಕ್ಕೆ ಒಡೆದುಕೊಂಡು ತಿಂದಾಗ ಆಗುವ ಬೆರಗು, ಎರಡೂ ಒಂದೇ ಕಂತಿನ ನಗು.

ಇಲ್ಲಿಯ ಹಂದಿಮರಿಯ ಕಥೆ ಮಾತ್ರ ಮನಸ್ಸಿನಿಂದ ಹೋಗುವಂಥದ್ದಲ್ಲ. ಹಾಲಿಗಾಗಿ ನೂಕಾಡುವ ಮರಿಗಳಲ್ಲಿ ಕಡೆಯದು, ಬಡಕಲು. ಹಚಿಕೆನ್‌ಗೆ ಅದರ ಮೇಲೆ ಮಮತೆ. ಹೆಸರಿಡಬೇಡ ಎಂದು ಜತೆಯವರು ತಡೆಯುತ್ತಾರೆ. ಇಡಲೇಬೇಕೆಂದರೆ ಅದು ಮುಂದೆ ಏನಾಗುತ್ತದೆಂದು ನೆನಪಿರುವ ಹೆಸರಿಡು ಎನ್ನುತ್ತಾರೆ. ಅವನು ಅದನ್ನು 'ಬುತಾದೋನ್' ಎಂದು ಕರೆಯುತ್ತಾನೆ. ಅದು ಅನ್ನದ ಮೇಲೆ ಹಂದಿಮಾಂಸ ಹಾಕಿ ಕೊಡುವ ಊಟದ ಹೆಸರು. ಸಾಕುತ್ತಾನೆ, ತೂಕ ಹೆಚ್ಚಿಸುತ್ತಾನೆ, ಕಳಿಸುವ ದಿನ ಬರುತ್ತದೆ. ರಜೆಯಲ್ಲಿ ಹೈನು ಮನೆಯೊಂದರಲ್ಲಿ ದುಡಿದು ಗಳಿಸಿದ ದುಡ್ಡಿನಿಂದ ಅವನು ಆ ಮಾಂಸವನ್ನೆಲ್ಲ ತಾನೇ ಕೊಂಡುಕೊಳ್ಳುತ್ತಾನೆ, ಹೊಗೆಗೆ ಕಟ್ಟಿ ಬೇಕನ್ ಮಾಡುತ್ತಾನೆ, ಗೆಳೆಯರಿಗೆ ಬಡಿಸಿ ತಾನೂ ತಿನ್ನುತ್ತಾನೆ. ಅದು ರುಚಿಯಾಗಿದೆ. ಅಷ್ಟು ರುಚಿಯಾಗಿರುವುದೇ ಅವನಿಗೆ ಕಷ್ಟ. ಅರಕಾವಾ ಇಲ್ಲಿ ಯಾವ ತೀರ್ಪನ್ನೂ ಕೊಡುವುದಿಲ್ಲ. ಮಾಂಸ ತಿನ್ನುವವರೂ ತಿನ್ನದವರೂ ಒಟ್ಟಿಗೆ ಕೂತು ನೋಡಬಹುದಾದ, ನೋಡಿದ ಮೇಲೆ ಜಗಳವಿಲ್ಲದೆ ಮಾತಾಡಬಹುದಾದ ಕಂತುಗಳಿವು. ಶಾಲೆಯ ಕಸ ಗುಡಿಸುವಾಗ ಕಲ್ಲಿನ ಹಳೆಯ ಒಲೆ ಸಿಕ್ಕಿ, ಒಬ್ಬೊಬ್ಬರು ಒಂದೊಂದು ಪದಾರ್ಥ ಹೊಂದಿಸಿ ಪಿಜ್ಜಾ ಸುಡುವ ನಾಲ್ಕನೆಯ ಕಂತನ್ನು ಮೊದಲು ನೋಡಿ ಆಮೇಲೆ ಸರಣಿ ಹಿಡಿದರೂ ನಷ್ಟವಿಲ್ಲ.

ಸೋಮಾದಲ್ಲಿ ಅಡುಗೆಯ ವಿಜ್ಞಾನವೇ ಹಿಡಿಸಿತು ಎನ್ನುವವರಿಗೆ 'ಮೊಯಾಶಿಮೊನ್'. 2007ರಲ್ಲಿ ಒಂದು ಸೀಸನ್, 2012ರಲ್ಲಿ ಇನ್ನೊಂದು. ಸಾಕೆ, ಮಿಸೊ, ಸೋಯಾ ಸಾಸು ಮಾಡುವವರಿಗೆ ಹುದುಗಿನ ಬೂಷ್ಟು ಒದಗಿಸುವ ಮನೆತನದ ಹುಡುಗ ಸವಾಕಿಗೆ ಸೂಕ್ಷ್ಮಜೀವಿಗಳು ಬರಿಗಣ್ಣಿಗೆ ಕಾಣುತ್ತವೆ, ಅವನೊಡನೆ ಮಾತಾಡುತ್ತವೆ. ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ದಿನವೇ ಅವನು ಕಾಣುವುದು ಮಣ್ಣಿನಿಂದ ಅಗೆದು ತೆಗೆದ ಸೀಲ್ ಪ್ರಾಣಿಯನ್ನು. ಅದರ ಹೊಟ್ಟೆಯಲ್ಲಿ ಕಡಲಹಕ್ಕಿಗಳನ್ನು ತುಂಬಿ ಹುಳಿಯಲು ಬಿಟ್ಟಿರುತ್ತಾರೆ. ಉತ್ತರಧ್ರುವದ ಕಡೆಯ ಜನರ ಕಿವಿಯಾಕ್ ಎಂಬ ನಿಜವಾದ ಆಹಾರ ಅದು. ಗುಂಡುಗುಂಡಾಗಿ ತೇಲಾಡುವ ಆ ಬೂಷ್ಟಿನ ಮರಿಗಳು ಪಾಠ ಹೇಳುತ್ತಿವೆ ಎಂಬುದೇ ನೋಡುವಾಗ ಗೊತ್ತಾಗುವುದಿಲ್ಲ. ರಾತ್ರಿ ಇಡ್ಲಿ ಹಿಟ್ಟು ಕಲಸಿಟ್ಟು ಬೆಳಗ್ಗೆ ಉಬ್ಬಿದ್ದನ್ನು ನೋಡುವವರೆಲ್ಲರೂ ನೋಡಬೇಕಾದ ಸರಣಿ.

ಹಿಂದಕ್ಕೆ ಹೋಗುವ ಆಸೆ ಇರುವವರಿಗೂ ದಾರಿಯಿದೆ. ರುಚಿ ನೋಡಿದವನು ಆಕಾಶಕ್ಕೆ ಹಾರುವುದು, ಬಾಯಿಂದ ಬೆಳಕು ಹೊರಡುವುದು ಇವೆಲ್ಲ ಸೋಮಾ ಕಂಡುಹಿಡಿದದ್ದಲ್ಲ. 1987ರಿಂದ 1989ರವರೆಗೆ 99 ಕಂತು ಬಂದ 'ಮಿಸ್ಟರ್ ಅಜಿಕ್ಕೊ'ದಲ್ಲಿ ನಿರ್ದೇಶಕ ಯಾಸುಹಿರೊ ಇಮಗಾವಾ ಇದನ್ನು ಆಗಲೇ ಮಾಡಿ ಮುಗಿಸಿದ್ದರು. 2004ರಿಂದ 2006ರವರೆಗಿನ 'ಯಾಕಿತಾತೆ ಜಪಾನ್' ಅದೇ ದಾರಿಯದು, 69 ಕಂತು, ವಿಷಯ ಬ್ರೆಡ್ಡು. ನಾಯಕ ಅಜುಮಾನ ಅಂಗೈ ಹುಟ್ಟಾ ಬೆಚ್ಚಗೆ, ಹಾಗಾಗಿ ಅವನು ನಾದಿದ ಹಿಟ್ಟು ಬೇಗ ಹುದುಗುತ್ತದೆ. ಅನ್ನದ ಕುಕ್ಕರಿನಲ್ಲಿ ಬ್ರೆಡ್ ಮಾಡುವುದನ್ನು ಅದು ತೋರಿಸಿದ್ದು ಓವನ್ ಇಲ್ಲದ ಮನೆಗಳಿಗೆ ದೊಡ್ಡ ಉಪಕಾರ. ಅರ್ಧದ ನಂತರ ಅಡುಗೆಗಿಂತ ಜಪಾನಿ ಪದಗಳ ಚಮತ್ಕಾರವೇ ಹೆಚ್ಚಾಗಿ, ಸಬ್‌ಟೈಟಲ್ ನಂಬಿದ ನಮಗೆ ಅದು ದಕ್ಕುವುದಿಲ್ಲ. ಮೊದಲ ಭಾಗ ಸಾಕು.

ಈ ವಂಶದ ಹಿರಿಯ 'ಓಯಿಶಿಂಬೊ'. 1983ರಲ್ಲಿ ಶುರುವಾದ ಮಾಂಗಾ, ಹತ್ತು ಕೋಟಿಗೂ ಹೆಚ್ಚು ಪ್ರತಿ. ಅನಿಮೆ 1988ರಿಂದ 1992ರವರೆಗೆ 136 ಕಂತು. ಪತ್ರಿಕಾ ಕಚೇರಿಯ ಸೋಮಾರಿ ಪತ್ರಕರ್ತ ಯಾಮಾಒಕಾ ಒಂದು ಕಡೆ, ಕುಂಬಾರಿಕೆಯಲ್ಲೂ ಭೋಜನದಲ್ಲೂ ಮಹಾಗುರು ಎನ್ನಿಸಿಕೊಂಡ ಅವನ ಅಪ್ಪ ಯೂಜಾನ್ ಇನ್ನೊಂದು ಕಡೆ. ಮೊದಲ ಕಂತಿನಲ್ಲಿ ಕಚೇರಿಯವರಿಗೆಲ್ಲ ಒಂದು ಪರೀಕ್ಷೆ: ಮೂರು ಲೋಟ ನೀರು, ಮೂರು ತುಂಡು ತೋಫು, ಯಾವುದು ಎಲ್ಲಿಯದು ಹೇಳಿ. ನೀರಿನ ರುಚಿಯಿಂದ ಒಂದು ಸರಣಿ ಶುರುವಾಗುವುದಕ್ಕೆ ಧೈರ್ಯ ಬೇಕು. ನಗು ಇಲ್ಲಿ ಸೋಮಾದಷ್ಟು ಇಲ್ಲ, ಯಾಮಾಒಕಾನ ಬೋಧನೆ ಕೆಲವೊಮ್ಮೆ ಜಾಸ್ತಿ. ಆದರೂ ಅಪ್ಪ ಮಗನ ಸಿಟ್ಟು ಒಂದು ಬಟ್ಟಲು ಅನ್ನದ ಮೇಲೆ ತೀರ್ಮಾನವಾಗುವ ರೀತಿ ಇಂದಿಗೂ ಹಳತಾಗಿಲ್ಲ.

ಬೇರೆ ಲೋಕದ ಅಡುಗೆ ಕಥೆಗಳೂ ಇವೆ. 'ಕ್ಯಾಂಪ್‌ಫೈರ್ ಕುಕಿಂಗ್ ಇನ್ ಅನದರ್ ವರ್ಲ್ಡ್' 2023ರದು, ಬೇರೆ ಲೋಕಕ್ಕೆ ಹೋದವನಿಗೆ ಆನ್‌ಲೈನ್ ಸೂಪರ್ ಮಾರ್ಕೆಟ್ಟಿನ ವರ. ಅವನ ಜತೆಗಿರುವ ದೊಡ್ಡ ತೋಳ ಚೆನ್ನಾಗಿದೆ, ಅಡುಗೆ ಮಾತ್ರ ಸಾಸು ಬಾಟಲಿಯದ್ದೇ. 'ರೆಸ್ಟೊರೆಂಟ್ ಟು ಅನದರ್ ವರ್ಲ್ಡ್' ಅದಕ್ಕಿಂತ ಮೇಲು, ದಣಿದ ಸಂಜೆಗೆ ಹಿತ, ವಾರಕ್ಕೊಂದು ಕಂತು ಸಾಕು. ಅಮೆರಿಕದ ಕಡೆ ನೋಡುವುದಾದರೆ 2011ರಿಂದ ಬರುತ್ತಿರುವ 'ಬಾಬ್ಸ್ ಬರ್ಗರ್ಸ್'. ಬಾಡಿಗೆ ಕಟ್ಟಲು ಒದ್ದಾಡುವ ಬಾಬ್ ಪ್ರತಿ ಕಂತಿನಲ್ಲೂ ಕಪ್ಪು ಹಲಗೆಯ ಮೇಲೆ ಆ ದಿನದ ಬರ್ಗರಿನ ಹೆಸರು ಬರೆಯುತ್ತಾನೆ. ತಮಾಷೆಗೆ ಬರೆದ ಆ ಹೆಸರುಗಳನ್ನು ಒಬ್ಬ ಅಭಿಮಾನಿ ನಿಜವಾಗಿ ಮಾಡುತ್ತ ಹೋಗಿ, 2016ರಲ್ಲಿ ಅದು ಅಡುಗೆ ಪುಸ್ತಕವಾಯಿತು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸೋಮಾ ಬದಿಗಿಟ್ಟು 'ಅಮಾಆಮಾ ತೊ ಇನಾಜುಮಾ' ಹಾಕಿ, ಇಂಗ್ಲಿಷ್‌ನಲ್ಲಿ 'ಸ್ವೀಟ್ನೆಸ್ ಅಂಡ್ ಲೈಟ್ನಿಂಗ್', 2016ರ ಹನ್ನೆರಡು ಕಂತು. ಹೆಂಡತಿಯನ್ನು ಕಳೆದುಕೊಂಡ ಮೇಷ್ಟ್ರು ಕೋಹೆಯಿಗೆ ಅಡುಗೆ ಬರುವುದಿಲ್ಲ. ಪುಟ್ಟ ಮಗಳು ತ್ಸುಮುಗಿ ಅಂಗಡಿಯಿಂದ ತಂದ ಡಬ್ಬಿ ಊಟದ ಮುಂದೆ ಕೂತು ಟಿವಿಯಲ್ಲಿ ಮಾಂಸದ ಜಾಹೀರಾತು ನೋಡುತ್ತ, ಅಮ್ಮನಿಗೆ ಇದನ್ನು ಮಾಡಿಕೊಡು ಅಂತ ಹೇಳಪ್ಪಾ ಎನ್ನುತ್ತಾಳೆ. ಅವನು ಅವಳನ್ನು ಎತ್ತಿಕೊಂಡು ರಾತ್ರಿಯಲ್ಲೇ ಓಡುತ್ತಾನೆ. ಒಬ್ಬ ವಿದ್ಯಾರ್ಥಿನಿಯ ಮನೆಯವರ ಹೋಟೆಲಿಗೆ. ಆ ವಿದ್ಯಾರ್ಥಿನಿಯ ಅಮ್ಮ ಅಲ್ಲಿಲ್ಲ, ಹುಡುಗಿಗೆ ಚಾಕು ಕಂಡರೆ ಭಯ. ಅವಳು ಮಾಡಿಕೊಡಬಲ್ಲದ್ದು ಮಣ್ಣಿನ ಪಾತ್ರೆಯ ಅನ್ನ ಒಂದೇ. ಮುಚ್ಚಳ ತೆಗೆದಾಗ ಏಳುವ ಹಬೆಯ ಮುಂದೆ ತ್ಸುಮುಗಿಯ ಮುಖ ನೋಡಬೇಕು. ಸೋಮಾದಲ್ಲಿ ಐದು ನಿಮಿಷ ತೆಗೆದುಕೊಳ್ಳುವ ರುಚಿಯ ವರ್ಣನೆ ಇಲ್ಲಿ ಒಂದು ಮಗುವಿನ ಅಗಿತದಲ್ಲಿ ಮುಗಿಯುತ್ತದೆ. ದೊಣ್ಣೆಮೆಣಸಿನಕಾಯಿ ತಿನ್ನಲೊಲ್ಲೆ ಎಂದು ಮಗು ಹಟ ಹಿಡಿಯುವ ಕಂತೂ ಇದೆ. ಅದನ್ನು ನೋಡುವ ತಂದೆತಾಯಿಗಳಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ.

ಸಸ್ಯಾಹಾರಿಗಳು ಕೇಳುವುದುಂಟು, ಇವನ್ನೆಲ್ಲ ನಾವು ನೋಡಬಹುದೇ ಎಂದು. ಸೋಮಾದಲ್ಲಿ ಹಂದಿ, ದನ, ಮೀನು ಎಲ್ಲವೂ ಇವೆ, ಕತ್ತರಿಸುವುದನ್ನೂ ಹತ್ತಿರದಿಂದ ತೋರಿಸುತ್ತಾರೆ. ತೊಂದರೆಯಾಗುವವರು ಮೇಲಿನ ಮಗುವಿನ ಕಥೆಯಿಂದಲೋ ಬ್ರೆಡ್ಡಿನ ಕಥೆಯಿಂದಲೋ ಶುರುಮಾಡಲಿ. ತೊಂದರೆಯಿಲ್ಲ ಎನ್ನುವವರು ನೇರವಾಗಿ 'ಡಂಜನ್ ಮೆಶಿ'ಗೆ ಹೋಗಿ, ಮೂರನೆಯ ಕಂತಿನವರೆಗೂ ಬಿಡದೆ ನೋಡಿ. ಕವಚದ ಕಂತು ಅದೇ. ಎರಡನೆಯ ಸೀಸನ್ ಬರುವುದೆಂದು ಸ್ಟುಡಿಯೊದವರು ಸಾರಿದ್ದಾರೆ. ಮೊದಲ ಸೀಸನ್ ಮೂಲ ಕಥೆಯ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾಯಲಾರದವರಿಗೆ ಕುಯಿಯವರ ಮಾಂಗಾ ಇಂಗ್ಲಿಷ್‌ನಲ್ಲಿ 14 ಸಂಪುಟವೂ ಸಿಗುತ್ತದೆ. ಕಥೆ ಪೂರ್ತಿಯಾಗಿದೆ, ಫಾಲಿನ್ ಏನಾದಳೆಂದು ಅಲ್ಲಿ ತಿಳಿಯುತ್ತದೆ.